ಅಚ್ಚಿನ ಸುದ್ದಿ, ಅರಸರ ಅಪ್ಪಣೆ

(ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ನಡೆದ ಬಳಗದ ಕುಟುಂಬ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡಬೇಕೆಂಬುದು ನಮ್ಮ ಕೂಟಗಳ ಅಲಿಖಿತ ನಿಯಮ. ಊಟದಲ್ಲಿ ಹೋಳಿಗೆ ಇರುವುದೆಂದು ತಿಳಿದ ಮೇಲೆ ಆ ವಿಷಯವನ್ನೆತ್ತುವ ಧೈರ್ಯ ನಮಗಾಗಲಿಲ್ಲ. ಬದಲಿಗೆ ಸುದ್ದಿಯನ್ನು ಅಚ್ಚು ಮಾಡುವುದು ಹೇಗೆ ಆರಂಭವಾಯಿತು, ಅದನ್ನು ತಡೆಯಲು ಆಳುವವರು ಏನೇನು ಮಾಡಿದರು, ನಮ್ಮ ಕನ್ನಡಕ್ಕೆ ಆ ಸುದ್ದಿಹಾಳೆ ಯಾವ ದಾರಿಯಿಂದ ಬಂದಿತು ಎಂಬುದನ್ನು ಹೇಳಬಯಸುತ್ತೇವೆ. ವೈದ್ಯನಿಗೇಕೆ ಈ ಉಸಾಬರಿ ಎಂಬ ಪ್ರಶ್ನೆಗೆ ಉತ್ತರವನ್ನು ಕಡೆಯಲ್ಲಿ ಒಪ್ಪಿಸುವೆವು. ಅದು ನಮ್ಮದೇ ಒಂದು ತಪ್ಪಿನ ಕಥೆ.

ನಾವಿಂದು ಸೇರಿರುವ ಈ ಬಡಾವಣೆಯ ಹೆಸರೇ ಒಬ್ಬ ಪತ್ರಿಕೋದ್ಯಮಿಯದು. ಎಡ್ವರ್ಡ್ ವಿಲ್ಲಿಸ್ ಸ್ಕ್ರಿಪ್ಸ್ 1878ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ‘ಪೆನ್ನಿ ಪ್ರೆಸ್’ ಎಂಬ ಅಗ್ಗದ ಪತ್ರಿಕೆಯನ್ನು ಆರಂಭಿಸಿ, ಊರೂರುಗಳಲ್ಲಿ ಪತ್ರಿಕೆಗಳ ಸರಣಿಯನ್ನೇ ಕಟ್ಟಿದವರು. 1890ರ ದಶಕದ ಆರಂಭದಲ್ಲಿ ಇಲ್ಲಿ ಮಿರಮಾರ್ ಎಂಬ ಹೆಸರಿನ ರ್ಯಾಂಚ್ ಮಾಡಿಕೊಂಡು ನೆಲೆಸಿದರು. ಬೋಳು ದಿಬ್ಬಗಳ ಮೇಲೆ ನೀಲಗಿರಿ ಮರಗಳನ್ನು ನೆಡಿಸಿದರು. ಅವರ ಅಕ್ಕ ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್ ಸಹ ಪತ್ರಿಕೆಗೆ ಬರೆದವರೇ. ಲಾ ಹೋಯಾದ ಆಸ್ಪತ್ರೆ, ಸಾಗರವಿಜ್ಞಾನ ಸಂಸ್ಥೆ, ಕ್ಲೇರ್‌ಮಾಂಟಿನ ಮಹಿಳಾ ಕಾಲೇಜು ಇವೆಲ್ಲ ಆ ಮನೆತನದ ಪತ್ರಿಕಾ ಸಂಪಾದನೆಯಿಂದ ನೆರವು ಪಡೆದವು. ಬಡಪಾಯಿ ಕೂಲಿಯವನ ಕೈಯ ಒಂದು ಪೆನ್ನಿಯ ಹಾಳೆ ಎಷ್ಟೆಲ್ಲವನ್ನು ಕಟ್ಟಬಲ್ಲುದೆಂಬುದನ್ನು ದಿನವೂ ನೋಡುತ್ತಿದ್ದರೂ ನಾವು ಗಮನಿಸುವುದಿಲ್ಲ. ಸ್ಕ್ರಿಪ್ಸ್ 1911ರಿಂದ 1917ರವರೆಗೆ ಷಿಕಾಗೋದಲ್ಲಿ ‘ಡೇ ಬುಕ್’ ಎಂಬ, ಒಂದೂ ಜಾಹೀರಾತಿಲ್ಲದ ದಿನಪತ್ರಿಕೆಯನ್ನು ನಡೆಸಿ ನೋಡಿದರು. ಅಂಗಡಿ ಸಾಹುಕಾರನ ಹಂಗು ಸಹ ಒಂದು ಬಗೆಯ ಕಡಿವಾಣವೆಂದು ಅವರ ಎಣಿಕೆಯಾಗಿದ್ದಿರಬೇಕು. ಅದು ಬಾಳಲಿಲ್ಲ.

ಹಿರಿಯ ನಿವಾಸಿಗಳಿಗೆ 2003ರ ಅಕ್ಟೋಬರಿನ ಸೀಡರ್ ಬೆಂಕಿ ಮರೆಯುವಂತಹುದಲ್ಲ. ಈ ಬಡಾವಣೆಯೊಂದರಲ್ಲೇ ಮುನ್ನೂರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಆ ಭಾನುವಾರ ನಾವು ಪಾಸ್‌ಪೋರ್ಟುಗಳನ್ನೂ ತಾಯಿಯವರ ಮಾಂಗಲ್ಯವನ್ನೂ ಚೀಲಕ್ಕೆ ತುಂಬಿಕೊಂಡು ಕಾರಿನಲ್ಲಿ ಕುಳಿತಿದ್ದಾಗ, ಬೆಂಕಿ ಯಾವ ರಸ್ತೆಯವರೆಗೆ ಬಂದಿದೆ ಎಂಬ ಪ್ರಶ್ನೆಗೆ ಐದು ಮಂದಿ ಐದು ಉತ್ತರ ಹೇಳಿದರು. ಸುದ್ದಿಯ ಹಸಿವು ಏನೆಂಬುದು ಅಂದು ಅನುಭವಕ್ಕೆ ಬಂದಿತು. ಈಗ ನಾನೂರು ವರ್ಷ ಹಿಂದಕ್ಕೆ ಹೋಗೋಣ.

ಯೂರೋಪಿನಲ್ಲಿ ಅಚ್ಚುಮೊಳೆ ಬಂದದ್ದು 15ನೆಯ ಶತಮಾನದ ಮಧ್ಯದಲ್ಲಿ. ಆದರೆ ನಿಯತವಾಗಿ ಪ್ರಕಟವಾಗುವ ಸುದ್ದಿಹಾಳೆ ಹುಟ್ಟಲು ಮತ್ತೂ ನೂರೈವತ್ತು ವರ್ಷಗಳು ಹಿಡಿದವು. ಅಲ್ಲಿಯವರೆಗೆ ಸುದ್ದಿಯೆಂದರೆ ಕೈಬರಹ. ವೆನಿಸ್ ಮೊದಲಾದ ವ್ಯಾಪಾರದ ಊರುಗಳಲ್ಲಿ ಬರಹಗಾರರು ಹಡಗಿನ, ಯುದ್ಧದ, ಮೆಣಸಿನ ಬೆಲೆಯ ವರ್ತಮಾನಗಳನ್ನು ಪ್ರತಿ ಮಾಡಿ ಹಣವಂತ ಚಂದಾದಾರರಿಗೆ ಕಳುಹಿಸುತ್ತಿದ್ದರು. ನಮ್ಮ ಸರ್ಕಾರಗಳು ಇಂದಿಗೂ ಹೊರಡಿಸುವ ಗೆಜೆಟ್ ಎಂಬುದರ ಹೆಸರು ವೆನಿಸ್ಸಿನ ‘ಗಜೆಟಾ’ ಎಂಬ ಪುಡಿನಾಣ್ಯದಿಂದ ಬಂದುದೆಂಬುದು ಬಹುಮಂದಿ ಒಪ್ಪುವ ಮಾತು. 1605ರಲ್ಲಿ ಸ್ಟ್ರಾಸ್‌ಬರ್ಗಿನ ಯೋಹಾನ್ ಕರೋಲಸ್ ಎಂಬಾತ ಪ್ರತಿ ಮಾಡಿ ಮಾಡಿ ಬೇಸತ್ತು, ವಾರದ ಸುದ್ದಿಯನ್ನು ಅಚ್ಚು ಮಾಡತೊಡಗಿದ. ತನ್ನ ಹಾಳೆಯನ್ನು ಬೇರೆಯವರು ನಕಲಿಸದಂತೆ ರಕ್ಷಣೆ ಬೇಕೆಂದು ನಗರಸಭೆಗೆ ಅರ್ಜಿ ಹಾಕಿದುದರಿಂದಲೇ ಆತನ ವಿಷಯ ನಮಗೆ ತಿಳಿದಿದೆ. ಜಗತ್ತಿನ ಮೊದಲ ಪತ್ರಿಕೆಯೆಂದು ಈಗ ಎಣಿಸುವುದು ಅದನ್ನೇ. ಅದು ಮೊದಲು ಕಾಣಿಸಿಕೊಳ್ಳುವುದೇ ಸರ್ಕಾರದ ಬಾಗಿಲಲ್ಲಿ ಅರ್ಜಿ ಹಿಡಿದು ಎಂಬುದು ಗಮನಾರ್ಹ.

ನಮಗೆ ಹೆಚ್ಚು ಆಪ್ತನಾದವನು ಫ್ರಾನ್ಸಿನ ತಿಯೋಫ್ರಾಸ್ತ್ ರನೋದೋ. ಕಾರಣವೇನೆಂದರೆ ಆತ ನಮ್ಮ ಕಸುಬಿನವನು. 1586ರಲ್ಲಿ ಜನಿಸಿ ಮಾಂಟ್‌ಪೆಲಿಯರಿನಲ್ಲಿ ವೈದ್ಯ ಪದವಿ ಪಡೆದ ಈತ ಪ್ಯಾರಿಸಿಗೆ ಬಂದು, ಕೆಲಸ ಹುಡುಕುವವರನ್ನೂ ಕೊಡುವವರನ್ನೂ ಕೂಡಿಸುವ ಒಂದು ವಿಳಾಸ ಕಚೇರಿಯನ್ನು ತೆರೆದ. ಬಡವರಿಗೆ ಉಚಿತ ಚಿಕಿತ್ಸೆ, ಅಡವು ಸಾಲ, ವಾರಕ್ಕೊಮ್ಮೆ ವಿದ್ವತ್ ಚರ್ಚೆ ಎಲ್ಲವೂ ಅಲ್ಲಿ ನಡೆಯುತ್ತಿದ್ದವು. 1631ರ ಮೇ 30ರಂದು ಅಲ್ಲಿಂದಲೇ ‘ಗಜೆಟ್’ ಎಂಬ ವಾರಪತ್ರಿಕೆ ಹೊರಟಿತು. ಸಕಲ ಅಧಿಕಾರವನ್ನೂ ಕೈಯಲ್ಲಿಟ್ಟುಕೊಂಡಿದ್ದ ಮಂತ್ರಿ ರಿಷೆಲ್ಯೂನ ಕೃಪೆಯಿಂದ ಸುದ್ದಿಯ ಏಕಸ್ವಾಮ್ಯವೂ ದೊರೆಯಿತು. ಈ ಕೃಪೆಗೆ ಬೆಲೆಯಿತ್ತು: ದೊರೆಗೂ ಮಂತ್ರಿಗೂ ಬೇಕಾದುದೇ ಸುದ್ದಿ, ಬೇಡವಾದುದು ಸುದ್ದಿಯಲ್ಲ. ಪತ್ರಿಕೆಯನ್ನು ಹತ್ತಿಕ್ಕುವ ಉಪಾಯಗಳಲ್ಲಿ ಸಾಕಿ ಸಲಹುವುದಕ್ಕಿಂತ ಸಮರ್ಥವಾದುದು ಇನ್ನೊಂದಿಲ್ಲವೆಂದು ನಮಗೆ ತೋರುತ್ತದೆ. 1642ರಲ್ಲಿ ರಿಷೆಲ್ಯೂ, ಮರುವರ್ಷ ದೊರೆ 13ನೆಯ ಲೂಯಿ ತೀರಿಕೊಂಡರು. ಪ್ಯಾರಿಸಿನ ವೈದ್ಯವರ್ಗ ಬಹುಕಾಲದ ಹಗೆಯನ್ನು ತೀರಿಸಿಕೊಂಡಿತು. ರನೋದೋ ಆ ನಗರದಲ್ಲಿ ರೋಗಿಗಳನ್ನು ನೋಡುವ ಹಕ್ಕನ್ನೇ ಕಳೆದುಕೊಂಡ. ಹೊರಗಿನಿಂದ ಬಂದು ಮತ್ತೊಂದು ಊರಿನಲ್ಲಿ ಪರವಾನಗಿಗಾಗಿ ಪರೀಕ್ಷೆಯ ಮೇಲೆ ಪರೀಕ್ಷೆ ಬರೆದ ನಮ್ಮಂತಹ ವೈದ್ಯರಿಗೆ ಈ ಭಾಗವನ್ನು ಓದುವಾಗ ಹೊಟ್ಟೆಯಲ್ಲಿ ಸ್ವಲ್ಪ ಸಂಕಟವಾಗುತ್ತದೆ.

ಇಂಗ್ಲೆಂಡಿನ ಪದ್ಧತಿ ಇದಕ್ಕಿಂತ ನೇರವಾದುದು: ಅಚ್ಚಿಗೆ ಮೊದಲು ಅಪ್ಪಣೆ. 1586ರ ಹಾಗೂ 1637ರ ಸ್ಟಾರ್ ಚೇಂಬರ್ ಶಾಸನಗಳ ಪ್ರಕಾರ ಹಸ್ತಪ್ರತಿಯನ್ನು ಅಧಿಕಾರಿಯೊಬ್ಬ ಓದಿ ಸಹಿ ಹಾಕದೆ ಮೊಳೆ ಜೋಡಿಸುವಂತಿಲ್ಲ. 1644ರಲ್ಲಿ ಕವಿ ಮಿಲ್ಟನ್ ‘ಅರಿಯೋಪಜಿಟಿಕ’ ಎಂಬ ಹೊತ್ತಗೆಯನ್ನು ಬರೆದು ಇದನ್ನು ಖಂಡಿಸಿದನೇನೋ ನಿಜ. ಆದರೆ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1662ರಲ್ಲಿ ಲೈಸೆನ್ಸಿಂಗ್ ಕಾಯಿದೆ ಬಂದಿತು. ಮರುವರ್ಷವೇ ಒಂದು ನಸುಕಿನಲ್ಲಿ ಸರ್ಕಾರದ ಮುದ್ರಣ ತಪಾಸಕ ಲೆಸ್ಟ್ರೇಂಜ್, ಜಾನ್ ಟ್ವಿನ್ ಎಂಬ ಬಡ ಮುದ್ರಕನ ಮನೆಯ ಬಾಗಿಲು ಬಡಿದ. ಒಳಗೆ ರಾಜದ್ರೋಹದ ಪುಸ್ತಕವೊಂದು ಅಚ್ಚಾಗುತ್ತಿತ್ತು. ಬರೆದವನ ಹೆಸರನ್ನು ಟ್ವಿನ್ ಹೇಳಲಿಲ್ಲ. 1664ರಲ್ಲಿ ಅವನನ್ನು ನೇಣಿಗೆ ಹಾಕಿ, ದೇಹವನ್ನು ತುಂಡರಿಸಿದರು. ಅವನು ಗ್ರಂಥಕರ್ತನಲ್ಲ, ಮೊಳೆ ಜೋಡಿಸುವವನು. ಸುದ್ದಿಯ ಚರಿತ್ರೆಯಲ್ಲಿ ಕವಿಗಳ ಹೆಸರುಗಳೇ ಉಳಿಯುತ್ತವೆಯಾದ್ದರಿಂದ ಈತನ ಹೆಸರನ್ನು ಇಲ್ಲಿ ಬೇಕೆಂದೇ ಹೇಳುತ್ತಿದ್ದೇವೆ.

ಆ ಕಾಯಿದೆ ಅಳಿದ ಬಗೆಯೂ ವಿಚಿತ್ರ. 1695ರಲ್ಲಿ ಅದರ ಅವಧಿ ಮುಗಿದಾಗ ಪಾರ್ಲಿಮೆಂಟು ಅದನ್ನು ನವೀಕರಿಸಲಿಲ್ಲ, ಅಷ್ಟೇ. ಕೊಟ್ಟ ಕಾರಣಗಳಲ್ಲಿ ಮಿಲ್ಟನ್ನನ ಆದರ್ಶದ ಸುಳಿವೇ ಇರಲಿಲ್ಲ. ಮುದ್ರಕರ ಸಂಘದವರು ಸುಲಿಗೆ ಮಾಡುತ್ತಾರೆ, ಹೊರದೇಶದ ಪುಸ್ತಕದ ಪೆಟ್ಟಿಗೆಗಳು ಸುಂಕದ ಕಟ್ಟೆಯಲ್ಲಿ ಕೊಳೆಯುತ್ತವೆ ಎಂಬಂತಹ ವ್ಯಾವಹಾರಿಕ ದೂರುಗಳೇ. ಈ ಸಂಗತಿಯನ್ನು ತನ್ನ ಇಂಗ್ಲೆಂಡಿನ ಇತಿಹಾಸದಲ್ಲಿ ಸೊಗಸಾಗಿ ವಿವರಿಸಿರುವವನು ಮೆಕಾಲೆ. ಹೌದು, ನಮ್ಮವರೆಲ್ಲ ಗುಮಾಸ್ತರ ಶಿಕ್ಷಣಕ್ಕಾಗಿ ಬೈಯುವ ಅದೇ ಮೆಕಾಲೆ. ಅವನನ್ನು ಇನ್ನೊಮ್ಮೆ ಕಾಣಲಿದ್ದೇವೆ.

ಇತ್ತ ಅಮೆರಿಕೆಯಲ್ಲಿ 1690ರ ಸೆಪ್ಟೆಂಬರ್ 25ರಂದು ಬಾಸ್ಟನ್ನಿನ ಬೆಂಜಮಿನ್ ಹ್ಯಾರಿಸ್ ಒಂದು ಪತ್ರಿಕೆಯನ್ನು ಹೊರಡಿಸಿದ. ಊರಿನಲ್ಲಿ ಹರಡಿದ್ದ ಸಿಡುಬಿನ ಸುದ್ದಿಯೂ ಅದರಲ್ಲಿತ್ತು. ನಾಲ್ಕನೆಯ ಪುಟವನ್ನು ಖಾಲಿ ಬಿಟ್ಟಿದ್ದ; ಓದಿದವರು ತಮ್ಮ ಸುದ್ದಿಯನ್ನೂ ಬರೆದು ಮುಂದಿನವರಿಗೆ ದಾಟಿಸಲೆಂದು. ಅಪ್ಪಣೆ ಪಡೆದಿಲ್ಲವೆಂಬ ಕಾರಣದಿಂದ ನಾಲ್ಕೇ ದಿನಗಳಲ್ಲಿ ಅಧಿಕಾರಿಗಳು ಅದನ್ನು ನಿಲ್ಲಿಸಿದರು. ಎರಡನೆಯ ಸಂಚಿಕೆ ಬರಲೇ ಇಲ್ಲ.

ಭಾರತದಲ್ಲಿ ಮೊದಲ ಪತ್ರಿಕೆ 1780ರ ಜನವರಿ 29ರಂದು ಕಲ್ಕತ್ತೆಯಲ್ಲಿ ಜೇಮ್ಸ್ ಹಿಕ್ಕಿ ಹೊರಡಿಸಿದ ‘ಬೆಂಗಾಲ್ ಗೆಜೆಟ್’. ಗವರ್ನರ್ ಜನರಲ್ ಹೇಸ್ಟಿಂಗ್ಸನನ್ನು ಹಳಿದು ಸೆರೆಮನೆ ಸೇರಿದ ಹಿಕ್ಕಿಯ ಅಚ್ಚುಮೊಳೆಗಳನ್ನೇ 1782ರಲ್ಲಿ ಜಪ್ತಿ ಮಾಡಿದರು. 1823ರಲ್ಲಿ ಜಾನ್ ಆಡಂ ಲೈಸೆನ್ಸಿನ ನಿಯಮಗಳನ್ನು ತಂದಾಗ ರಾಜಾ ರಾಮಮೋಹನ ರಾಯರು ಅದನ್ನು ಪ್ರತಿಭಟಿಸಿ ತಮ್ಮ ಪಾರಸಿ ಪತ್ರಿಕೆ ‘ಮಿರಾತ್-ಉಲ್-ಅಖ್ಬಾರ್’ ಅನ್ನು ತಾವೇ ಮುಚ್ಚಿದರು. ಹನ್ನೆರಡು ವರ್ಷಗಳ ನಂತರ, 1835ರಲ್ಲಿ, ಹಂಗಾಮಿ ಗವರ್ನರ್ ಜನರಲ್ ಆಗಿದ್ದ ಚಾರ್ಲ್ಸ್ ಮೆಟ್‌ಕಾಫ್ ಆ ಲೈಸೆನ್ಸನ್ನು ತೆಗೆದುಹಾಕಿದ. ಮುದ್ರಕನು ತಾನಾರು, ಎಲ್ಲಿ ಅಚ್ಚು ಮಾಡುವೆನೆಂಬುದನ್ನು ಮ್ಯಾಜಿಸ್ಟ್ರೇಟರ ಮುಂದೆ ಘೋಷಿಸಿದರೆ ಸಾಕು. ಆ ಕಾಯಿದೆಯ ಕರಡನ್ನು ಸಿದ್ಧಪಡಿಸಿದವನು ಮೆಕಾಲೆ. ಕಂಪನಿಯ ನಿರ್ದೇಶಕರು ಕೆರಳಿದರು. ಮೆಟ್‌ಕಾಫನಿಗೆ ಆ ಹುದ್ದೆ ಖಾಯಂ ಆಗಲಿಲ್ಲ.

ಈ ಕಾನೂನನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ಇದಾಗಿ ಎಂಟೇ ವರ್ಷಗಳಲ್ಲಿ, 1843ರ ಜುಲೈ 1ರಂದು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಬಂದಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದರಿಂದಲೇ. ಸಂಪಾದಕ ಹರ್ಮನ್ ಮೋಗ್ಲಿಂಗ್, ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ. 1836ರಲ್ಲಿ ಮಂಗಳೂರಿಗೆ ಬಂದವರು. ಅವರು ಬಂದ ಮರುವರ್ಷವೇ, 1837ರ ಏಪ್ರಿಲಿನಲ್ಲಿ, ಕಂಪನಿಯ ವಿರುದ್ಧ ದಂಗೆಯೆದ್ದ ರೈತರು ಸುಳ್ಯದ ಕಡೆಯಿಂದ ಬಂದು ಮಂಗಳೂರನ್ನು ಹಿಡಿದು ಹದಿಮೂರು ದಿನ ಆಳಿದ್ದರು. ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ದಕ್ಷಿಣ ಕನ್ನಡದ ಹಿರಿಯರು ಇಂದಿಗೂ ಹೇಳುವುದು ಅದನ್ನೇ. ಇಂತಹ ನೆನಪು ಹಸಿಯಾಗಿದ್ದ ಊರಿನಲ್ಲಿ ಒಬ್ಬ ಪರದೇಶಿ, ಜನರ ಭಾಷೆಯಲ್ಲಿ ಸುದ್ದಿಹಾಳೆ ಹೊರಡಿಸಲು ಮೊದಲು ಅಪ್ಪಣೆ ಬೇಡಬೇಕಾಗಿರಲಿಲ್ಲ. 1823ರ ನಿಯಮಗಳಂತಹವು ಮದರಾಸು ಆಧಿಪತ್ಯದಲ್ಲಿ ಜಾರಿಯಲ್ಲಿದ್ದಿದ್ದರೆ ಕನ್ನಡದ ಮೊದಲ ಪತ್ರಿಕೆಯ ದಿನಾಂಕ ಬೇರೆಯೇ ಆಗುತ್ತಿತ್ತೋ ಏನೋ.

ಅದು ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ ನಾಲ್ಕು ಪುಟಗಳ ಹಾಳೆ, ಮೊಳೆಯಚ್ಚಲ್ಲ, ಕಲ್ಲಚ್ಚು. ಮಕ್ಕಳಿಗಾಗಿ ಇದನ್ನು ಸ್ವಲ್ಪ ವಿವರಿಸೋಣ. ನಯವಾದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಮಸಿಯಿಂದ ಬರೆಯುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮೇಲೆ ಮುದ್ರಣದ ಮಸಿಯನ್ನು ಉರುಳಿಸಿದರೆ, ಎಣ್ಣೆಗೂ ನೀರಿಗೂ ಆಗದಿರುವುದರಿಂದ, ಮಸಿ ಬರೆದ ಗೆರೆಗೆ ಮಾತ್ರ ಅಂಟುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತುವುದು. ಅಂದರೆ ಇದು ಕೈಬರಹದ ಪ್ರತಿಯೇ. ಕಾಗುಣಿತ, ಒತ್ತಕ್ಷರಗಳಿಂದ ತುಂಬಿದ ನಮ್ಮ ಲಿಪಿಗೆ ನೂರಾರು ಮೊಳೆಗಳು ಬೇಕಾಗುತ್ತಿದ್ದಾಗ ಕಲ್ಲಿಗೆ ಒಬ್ಬ ಒಳ್ಳೆಯ ಬರಹಗಾರನಿದ್ದರೆ ಸಾಕಿತ್ತು. ವೆನಿಸ್ಸಿನ ಪ್ರತಿಕಾರನಿಗೂ ಸ್ಟ್ರಾಸ್‌ಬರ್ಗಿನ ಮುದ್ರಕನಿಗೂ ನಡುವಿನ ಮೆಟ್ಟಿಲೊಂದು ಕನ್ನಡದಲ್ಲಿ ಹೀಗೆ ಮಂಗಳೂರಿನಲ್ಲಿ ಕಾಣುತ್ತದೆ.

ಅದರಲ್ಲಿ ಇದ್ದುದೇನು? ಊರಿನ ವರ್ತಮಾನ, ಕಂಪನಿ ಸರ್ಕಾರದ ಕಾನೂನುಗಳ ತಿಳಿವಳಿಕೆ, ಅನ್ಯ ರಾಜ್ಯಗಳ ಸುದ್ದಿ, ಗಾದೆ, ಕಥೆ, ದಾಸರ ಪದ. ಮತಪ್ರಚಾರಕ್ಕೆ ಬಂದ ಪಾದ್ರಿ ಪುರಂದರದಾಸರನ್ನು ಅಚ್ಚು ಹಾಕಿದುದು ಕೆಲವರಿಗೆ ಸೋಜಿಗವೆನಿಸಬಹುದು. ಅವರು ಬಂದ ಉದ್ದೇಶ ಮತಪ್ರಚಾರವೇ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದೇ ಮೋಗ್ಲಿಂಗ್ ಮುಂದೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ನಮ್ಮ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಉಳಿಸಿಕೊಟ್ಟವರು. ಎರಡನ್ನೂ ಒಟ್ಟಿಗೆ ನೆನೆಯುವುದು ನ್ಯಾಯ. 1844ರಲ್ಲಿ ಪತ್ರಿಕೆ, ಮೊಳೆಯಚ್ಚಿನ ಸೌಕರ್ಯವಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡಿತು. ಅಲ್ಲಿಯೂ ಬಹುಕಾಲ ಬಾಳಲಿಲ್ಲ.

ಮೆಟ್‌ಕಾಫ್ ಕೊಟ್ಟುದನ್ನು ಅವನ ನಂತರದವರು ಒಂದೊಂದಾಗಿ ಹಿಂತೆಗೆದುಕೊಂಡರು. 1857ರಲ್ಲಿ ಕ್ಯಾನಿಂಗ್ ಒಂದು ವರ್ಷದ ಮಟ್ಟಿಗೆ ಲೈಸೆನ್ಸನ್ನು ಮರಳಿ ತಂದ. 1867ರ ಕಾಯಿದೆ ಪ್ರತಿ ಪತ್ರಿಕೆಯಲ್ಲೂ ಮುದ್ರಕ, ಪ್ರಕಾಶಕರ ಹೆಸರು ಇರಬೇಕೆಂದಿತು. ನಮ್ಮ ತಂದೆಯವರು ಓದುತ್ತಿದ್ದ ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಇರುವೆ ಸಾಲಿನಂತಿದ್ದ ಆ ಪಂಕ್ತಿಯ ಮೂಲ ಇದೇ. ಆ ಕಾಯಿದೆಯ ಸ್ಥಾನಕ್ಕೆ ಹೊಸದೊಂದು ಬಂದದ್ದು 2023ರಲ್ಲಿ. 1878ರಲ್ಲಿ ಲಿಟ್ಟನ್ ದೇಶಭಾಷಾ ಪತ್ರಿಕೆಗಳಿಗೆ ಮಾತ್ರ ಅನ್ವಯಿಸುವ ಕಾಯಿದೆಯನ್ನು ತಂದ. ಇಂಗ್ಲಿಷಿನಲ್ಲಿ ಬರೆದರೆ ಬಾಧೆಯಿಲ್ಲ, ಅದೇ ಮಾತನ್ನು ಬಂಗಾಳಿಯಲ್ಲಿ ಬರೆದರೆ ಮುಚ್ಚಳಿಕೆ! ‘ಅಮೃತ ಬಜಾರ್ ಪತ್ರಿಕಾ’ ರಾತ್ರೋರಾತ್ರಿ ಇಂಗ್ಲಿಷಿಗೆ ತಿರುಗಿದ ಕಥೆ ಪ್ರಸಿದ್ಧ. ಮದರಾಸು ಆಧಿಪತ್ಯವನ್ನು ಈ ಕಾಯಿದೆಯಿಂದ ಬಿಟ್ಟಿದ್ದರಿಂದ ಕನ್ನಡಿಗರಲ್ಲೇ ಭೇದವಾಯಿತು: ಮುಂಬಯಿಗೆ ಸೇರಿದ್ದ ಧಾರವಾಡ ಅದರ ಕೆಳಗೆ, ಮಂಗಳೂರು ಬಳ್ಳಾರಿಗಳು ಹೊರಗೆ. 1882ರಲ್ಲಿ ರಿಪ್ಪನ್ ಅದನ್ನು ರದ್ದುಪಡಿಸಿದ.

ಇದುವರೆಗೆ ಹೇಳಿದುದರಲ್ಲಿ ಕತ್ತರಿ ಹಿಡಿದವರೆಲ್ಲ ಪರಕೀಯರು. ಮೈಸೂರಿನ ಕಥೆ ಹಾಗಲ್ಲವಾದ್ದರಿಂದ ನಮಗೆ ಹೆಚ್ಚು ನೋವಿನದು. ದಿವಾನ್ ವಿ. ಪಿ. ಮಾಧವರಾಯರು 1907ರಲ್ಲಿ ಮೈಸೂರಿಗೆ ಶಾಸನ ಸಭೆಯನ್ನು ಕೊಟ್ಟರು. ಮರುವರ್ಷ, 1908ರಲ್ಲಿ, ಅದೇ ದಿವಾನರ ಆಡಳಿತದಲ್ಲಿ ಮೈಸೂರು ವೃತ್ತಪತ್ರಿಕೆಗಳ ರೆಗ್ಯುಲೇಷನ್ ಬಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಇಂಗ್ಲೆಂಡು 1695ರಲ್ಲಿ ಬಿಟ್ಟುಹಾಕಿದ ಪದ್ಧತಿ ಇನ್ನೂರು ವರ್ಷಗಳ ನಂತರ, ಮಾದರಿ ರಾಜ್ಯವೆನಿಸಿದ ನಮ್ಮ ಮೈಸೂರಿನಲ್ಲಿ ಜೀವತಳೆಯಿತು. ಬ್ರಿಟಿಷ್ ಭಾರತದಲ್ಲಿ ಆಗ ತಿಲಕರನ್ನು ‘ಕೇಸರಿ’ಯ ಬರಹಗಳಿಗಾಗಿ ಆರು ವರ್ಷ ಗಡೀಪಾರು ಮಾಡಿದ ಕಾಲ, ಭಯ ಎಲ್ಲೆಡೆ ಹಬ್ಬಿತ್ತು.

ಮೈಸೂರಿನಲ್ಲಿ ಓದುತ್ತಿದ್ದಾಗ ನಾವು ದಿನವೂ ತಾತಯ್ಯ ಪಾರ್ಕಿನ ಪಕ್ಕದಲ್ಲಿ ಹಾದುಹೋಗುತ್ತಿದ್ದೆವು. ತಾತಯ್ಯನವರು ಯಾರೆಂದು ಕೇಳಿದವರಲ್ಲ. ಸಿಟಿ ಬಸ್ಸಿಗೆ ಕಾಯುವುದೇ ದೊಡ್ಡ ಕೆಲಸವಾಗಿತ್ತು. ಅವರು ಎಂ. ವೆಂಕಟಕೃಷ್ಣಯ್ಯನವರು (1844–1933), ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು, ‘ವೃತ್ತಾಂತ ಚಿಂತಾಮಣಿ’ಯೇ ಮೊದಲಾದ ಪತ್ರಿಕೆಗಳ ಸಂಪಾದಕರು. 1908ರಲ್ಲಿ ಅವರಿಗೆ ಅರುವತ್ತು ದಾಟಿತ್ತು. ಹೊಸ ಕಾನೂನಿನ ಕೆಳಗೆ ಅನುಮತಿ ಬೇಡಿ ಪತ್ರಿಕೆ ನಡೆಸುವುದಕ್ಕಿಂತ ನಿಲ್ಲಿಸುವುದೇ ಲೇಸೆಂದು ಅವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ರಾಮಮೋಹನರಾಯರು ಕಲ್ಕತ್ತೆಯಲ್ಲಿ ಮಾಡಿದ್ದನ್ನೇ ಎಂಬತ್ತೈದು ವರ್ಷಗಳ ಮೇಲೆ ಒಬ್ಬ ಕನ್ನಡ ಮೇಷ್ಟ್ರು ಮಾಡಿದರು. ಇದರಿಂದ ಓದುಗನಿಗೇನು ಲಾಭ, ಬಗ್ಗಿ ನಡೆದಾದರೂ ಪತ್ರಿಕೆಯನ್ನು ಉಳಿಸಬಾರದಿತ್ತೇ ಎಂದು ವಾದಿಸಬಹುದು. ರನೋದೋನ ‘ಗಜೆಟ್’ ಬಗ್ಗಿ ನಡೆದುದರಿಂದಲೇ ಉಳಿಯಿತಷ್ಟೆ. ನಮ್ಮ ಮನಸ್ಸು ತಾತಯ್ಯನವರ ಕಡೆಗೇ ವಾಲುತ್ತದೆ, ಆದರೆ ಆ ವಾದ ಹುರುಳಿಲ್ಲದ್ದೆಂದು ಹೇಳಲಾರೆವು.

ಅಮೆರಿಕೆಯಲ್ಲಿ ಇಂತಹುದು ನಡೆಯದೆಂದು ಭಾವಿಸುವವರಿಗೆ ಈ ಊರಿನದೇ ಒಂದು ಪ್ರಸಂಗ. 1912ರಲ್ಲಿ ಸ್ಯಾನ್ ಡಿಯೇಗೋ ನಗರಸಭೆ ನಡುಪೇಟೆಯ ಬೀದಿಗಳಲ್ಲಿ ಭಾಷಣ ಮಾಡುವುದನ್ನು ನಿಷೇಧಿಸಿತು. ಕಾರ್ಮಿಕ ಸಂಘದವರು ಉಲ್ಲಂಘಿಸಿ ಸೆರೆಮನೆಗಳನ್ನು ತುಂಬಿದರು. ಅವರ ಪರವಾಗಿ ಬರೆದ ‘ಸ್ಯಾನ್ ಡಿಯೇಗೋ ಹೆರಾಲ್ಡ್’ ವಾರಪತ್ರಿಕೆಯ ಸಂಪಾದಕ ಏಬ್ರಾಂ ಸಾವರನನ್ನು ಗುಂಪೊಂದು ಏಪ್ರಿಲಿನಲ್ಲಿ ಅಪಹರಿಸಿ, ಊರಾಚೆಗೆ ಒಯ್ದು, ಕೊರಳಿಗೆ ಹಗ್ಗ ಹಾಕಿ, ಊರು ಬಿಡೆಂದು ಹೆದರಿಸಿತು. ಸಂವಿಧಾನದ ಮೊದಲ ತಿದ್ದುಪಡಿಗೆ ಆಗ ನೂರಿಪ್ಪತ್ತೊಂದು ವರ್ಷ. ಅಂದಹಾಗೆ, ಮಕ್ಕಳು ಇದನ್ನು ನೆನಪಿಡಬಹುದು: ಅಮೆರಿಕದ ಮೊದಲ ತಿದ್ದುಪಡಿ ವಾಕ್‌ಸ್ವಾತಂತ್ರ್ಯವನ್ನು ಕಾಪಾಡಲು ಬಂದದ್ದು, ಭಾರತ ಸಂವಿಧಾನದ ಮೊದಲ ತಿದ್ದುಪಡಿ, 1951ರದು, ಇನ್ನಿತರ ವಿಷಯಗಳೊಂದಿಗೆ ಅದಕ್ಕೆ ಮಿತಿಗಳನ್ನು ಹೆಚ್ಚಿಸಲು ಬಂದದ್ದು.

ಇನ್ನು ನಾವು ಆರಂಭದಲ್ಲಿ ಹೇಳಿದ ತಪ್ಪಿನ ವಿಷಯ.

2020ರ ಮಾರ್ಚಿನಲ್ಲಿ ಆಸ್ಪತ್ರೆಗಳು ತುಂಬತೊಡಗಿದಾಗ ನಮ್ಮವರ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ದಿನಕ್ಕೆ ನೂರು ಸಂದೇಶಗಳು. ಬಿಸಿನೀರಿನ ಹಬೆಯಿಂದ ವೈರಸ್ ಸಾಯುವುದಂತೆ, ಬೆಳ್ಳುಳ್ಳಿ ಸಾಕಂತೆ, ಇಂತಹ ಕಷಾಯ ಕುಡಿದವರಿಗೆ ಬರುವುದೇ ಇಲ್ಲವಂತೆ. ಹಿರಿಯರೊಬ್ಬರು ಕಷಾಯವನ್ನು ನಂಬಿ ಐದು ದಿನ ಮನೆಯಲ್ಲೇ ಕುಳಿತು ತಡವಾಗಿ ಬಂದರು. ದೈವಕೃಪೆಯಿಂದ ಬದುಕಿದರು. ಆ ರಾತ್ರಿಯೇ ನಾವು, ಇನ್ನು ಮುಂದೆ ಆರೋಗ್ಯದ ಯಾವ ಸಂದೇಶವನ್ನೂ ವೈದ್ಯರಾದ ನಮ್ಮ ಒಪ್ಪಿಗೆಯಿಲ್ಲದೆ ಹಾಕಕೂಡದೆಂಬ ನಿಯಮವನ್ನು ಮುಂದಿಟ್ಟೆವು. ಎಲ್ಲರೂ ಒಪ್ಪಿದರು. ಒಂದು ವಾರದಲ್ಲಿ ಗುಂಪು ಸ್ವಚ್ಛವಾಯಿತು. ಲೆಸ್ಟ್ರೇಂಜನಿಗೂ ಇಂತಹ ತೃಪ್ತಿಯೇ ಆಗುತ್ತಿದ್ದಿರಬೇಕು.

ಎರಡನೆಯ ವಾರ, ನಿವೃತ್ತ ಎಂಜಿನಿಯರರೊಬ್ಬರು ಮನೆಯಲ್ಲಿ ಹೊಲಿದ ಬಟ್ಟೆಯ ಮುಖಗವಸನ್ನಾದರೂ ಎಲ್ಲರೂ ಧರಿಸಿರೆಂದು, ಕಾರಣಸಹಿತವಾಗಿ, ಬರೆದು ಕಳುಹಿಸಿದರು. ಆಗಿನ್ನೂ ಸರ್ಕಾರದ ಆರೋಗ್ಯ ಇಲಾಖೆ ಸಾಮಾನ್ಯ ಜನರಿಗೆ ಅದರ ಅಗತ್ಯವಿಲ್ಲವೆನ್ನುತ್ತಿತ್ತು. ನಾವು ಅದನ್ನು ಅಳಿಸಿಹಾಕಿದೆವು. ಏಪ್ರಿಲ್ 3ರಂದು ಅದೇ ಇಲಾಖೆ ಬಟ್ಟೆಯ ಮುಖಗವಸು ಧರಿಸಲು ಎಲ್ಲರಿಗೂ ಸಲಹೆಯಿತ್ತಿತು. ನಾವು ಅಳಿಸಿದ ಸುಳ್ಳುಗಳು ಅನೇಕ; ಆದರೆ ನಿಜವಾಗಿದ್ದುದನ್ನೂ ಅದೇ ಬೆರಳಿನಿಂದ, ಅದೇ ವಿಶ್ವಾಸದಿಂದ ಅಳಿಸಿದೆವು. ಅದಕ್ಕೂ ಮೊದಲು ಜನವರಿಯಲ್ಲಿ ವೂಹಾನಿನ ನೇತ್ರವೈದ್ಯ ಲೀ ವೆನ್‌ಲಿಯಾಂಗ್ ತನ್ನ ಸಹಪಾಠಿಗಳಿಗೆ ಹೊಸ ರೋಗದ ಎಚ್ಚರಿಕೆ ಕೊಟ್ಟದ್ದಕ್ಕೆ ಪೊಲೀಸರು ಆತನನ್ನು ಕರೆಸಿ ವದಂತಿ ಹಬ್ಬಿಸಿದೆನೆಂದು ಬರೆಸಿಕೊಂಡಿದ್ದರು. ಫೆಬ್ರವರಿ 7ರಂದು ಆತ ಅದೇ ರೋಗದಿಂದ ತೀರಿಕೊಂಡಿದ್ದ. ಆತನಿಗಾಗಿ ನಾವೇ ಆ ಗುಂಪಿನಲ್ಲಿ ಶ್ರದ್ಧಾಂಜಲಿಯ ನಾಲ್ಕು ಸಾಲು ಬರೆದಿದ್ದೆವು. ಒಂದೂವರೆ ತಿಂಗಳಿನಲ್ಲಿ ಅದು ನಮಗೆ ಮರೆತುಹೋಗಿತ್ತು.

ಏಪ್ರಿಲ್ ಮೊದಲ ವಾರ ಆ ಎಂಜಿನಿಯರರಿಗೆ ದೂರವಾಣಿ ಮಾಡಿ ಕ್ಷಮೆ ಕೇಳಿದೆವು. ಅವರು ನಕ್ಕರು. “ಬಿಡಿ ಡಾಕ್ಟ್ರೇ, ನೀವು ಅಳಿಸಿದ ದಿನಾನೇ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳ್ಬಿಟ್ಟಿದ್ದೆ. ನಮ್ಮನೆಯವಳು ಆಗಲೇ ನಲವತ್ತು ಹೊಲಿದು ಹಂಚಿ ಆಯ್ತು. ನಿಮ್ಮ ಮನೆಯವರೂ ಎರಡು ತಗೊಂಡು ಹೋಗಿದ್ದಾರೆ, ನಿಮಗೆ ಹೇಳ್ಲಿಲ್ವಾ?”